ಗಾಡಿ ಬಾಡಿ 25 ಕೆ.ಜಿ. ಇಳಿಸೋಕೆ ಲಕ್ಷಗಟ್ಟಲೆ ಸಾಫ್ಟ್‌ವೇರ್ ಬೇಕಾ?

ಪ್ರಶ್ನೆ: ಸರ್, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಎಲೆಕ್ಟ್ರಿಕ್ ತ್ರಿಚಕ್ರ ಗೂಡ್ಸ್ ಗಾಡಿಗಳಿಗೆ ಲೋಡ್ ಬಾಡಿ ಮಾಡಿಕೊಡುತ್ತೇವೆ, ತಿಂಗಳಿಗೆ 40. ಒಂದು ಬಾಡಿಯಲ್ಲಿ 40×40×3 (40 ಮಿ.ಮೀ. ಚೌಕ, 3 ಮಿ.ಮೀ. ದಪ್ಪದ ಗೋಡೆ) ಸ್ಕ್ವೇರ್ ಪೈಪು 18 ಮೀಟರ್, ಸುತ್ತಲಿನ ಹಲಗೆಗಳಿಗೆ 1.6 ಮಿ.ಮೀ. ಶೀಟು 45 ಕೆ.ಜಿ., ನೆಲಕ್ಕೆ 2 ಮಿ.ಮೀ. ಶೀಟು 37 ಕೆ.ಜಿ. ತಿಂಗಳಿಗೆ 2500×1250 ಅಳತೆಯ ಶೀಟು 1.6 ಮಿ.ಮೀ.ದು 60, 2 ಮಿ.ಮೀ.ದು 40 ತರಿಸುತ್ತೇವೆ. ಲೇಸರ್ ಕಟಿಂಗ್ ಹೊರಗೆ, ಬೆಂಡಿಂಗ್ ಮತ್ತು ವೆಲ್ಡಿಂಗ್ ನಮ್ಮಲ್ಲೇ. ಈಗ ಪಾರ್ಟಿಯವರು 25 ಕೆ.ಜಿ. ಇಳಿಸಿ ಅಂತಿದ್ದಾರೆ, ರೇಟು ಮಾತ್ರ ಹೆಚ್ಚು ಕೊಡಲ್ಲವಂತೆ. ಒಬ್ಬ ಸೇಲ್ಸ್‌ನವರು ಬಂದು ಕಂಪ್ಯೂಟರೇ ಡಿಸೈನ್ ಮಾಡುವ ಸಾಫ್ಟ್‌ವೇರ್ ತೋರಿಸಿದರು. ಜೇಡರ ಬಲೆ ತರಹ ಬರೀ ತೂತು ತೂತು ಡಿಸೈನ್, ಬೆಲೆ ಹಲವು ಲಕ್ಷ. ಕೊಳ್ಳಬಹುದಾ? ಇಲ್ಲ ಅಲ್ಯೂಮಿನಿಯಂಗೆ ಹೋಗೋದೇ ವಾಸಿಯಾ?

ಉತ್ತರ: ಕೊಳ್ಳಬೇಡಿ. ಸದ್ಯಕ್ಕಂತೂ ಬೇಡ. ಯಾಕೆ ಅಂತ ಹೇಳುವ ಮೊದಲು ನಿಮ್ಮ ಲೆಕ್ಕವನ್ನೇ ನಿಮಗೆ ತೋರಿಸುತ್ತೇನೆ, ಯಾಕಂದರೆ ಅರ್ಧ ಉತ್ತರ ನೀವು ಕೊಟ್ಟ ಅಂಕಿಗಳಲ್ಲೇ ಇದೆ.

1.6ರ ಒಂದು ಶೀಟು ಸುಮಾರು 39 ಕೆ.ಜಿ. ತೂಗುತ್ತದೆ, 2ರದ್ದು 49. ಅಂದರೆ ತಿಂಗಳಿಗೆ ನೀವು ಕೊಳ್ಳುವ ಶೀಟು ಒಟ್ಟು 4,300 ಕೆ.ಜಿ. ಗಾಡಿಗೆ ಹೋಗುವುದು? ಒಂದು ಬಾಡಿಗೆ 45 ಮತ್ತು 37, ಅಂದರೆ 82. 40 ಬಾಡಿಗೆ 3,280 ಕೆ.ಜಿ. ಮಿಕ್ಕ ಒಂದು ಟನ್? ಗುಜರಿಗೆ. ಪ್ರತಿ ತಿಂಗಳೂ ಒಂದು ಟನ್ ಶೀಟನ್ನು ಹೊಸ ಮಾಲಿನ ರೇಟಿಗೆ ತಂದು ಗುಜರಿ ರೇಟಿಗೆ ಮಾರುತ್ತಿದ್ದೀರಿ. ಅದೂ ಗುಜರಿ ನಿಮ್ಮ ಕೈಗೆ ವಾಪಸ್ ಬರುತ್ತಿದ್ದರೆ. ಲೇಸರ್‌ನವರ ಹತ್ತಿರವೇ ಉಳಿಯುತ್ತಿದ್ದರೆ ಆ ದುಡ್ಡೂ ಇಲ್ಲ. ಮೊದಲು ಇದನ್ನು ಕೇಳಿ ತಿಳ್ಕೊಳ್ಳಿ, ಎಷ್ಟೋ ಶೆಡ್‌ನವರು ಕೇಳೋದೇ ಇಲ್ಲ.

ಇಲ್ಲಿ ಎರಡು ವಿಷಯ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿ ನೋಡಬೇಕು. ಗಾಡಿ ಹಗುರ ಆಗುವುದು ಬೇರೆ, ಮಾಲು ಉಳಿಯುವುದು ಬೇರೆ. ಸೇಲ್ಸ್‌ನವರು ತೋರಿಸಿದ ತೂತಿನ ಡಿಸೈನನ್ನೇ ತಗೊಳ್ಳಿ. ನೆಲದ ಶೀಟಿಗೆ ತೂತು ಹೊಡೆದು 37 ಕೆ.ಜಿ.ಯನ್ನು 30ಕ್ಕೆ ಇಳಿಸಿದಿರಿ ಅಂತಿಟ್ಟುಕೊಳ್ಳೋಣ. ಪಾರ್ಟಿಯವರಿಗೆ 7 ಕೆ.ಜಿ. ಲಾಭ. ನಿಮಗೆ? ಕೊಳ್ಳುವ ಶೀಟು ಅಷ್ಟೇ, ಲೇಸರ್ ಓಡುವ ಉದ್ದ ಜಾಸ್ತಿ, ಗ್ಯಾಸು ಜಾಸ್ತಿ, ಗುಜರಿ 7 ಕೆ.ಜಿ. ಜಾಸ್ತಿ. ತೂಕ ಇಳಿಯಿತು, ಖರ್ಚು ಏರಿತು. ರೇಟು ಹೆಚ್ಚಿಲ್ಲ ಅಂದವರ ಹತ್ತಿರ ಈ ವ್ಯಾಪಾರ ಗಿಟ್ಟುವುದಿಲ್ಲ. ನಿಮಗೆ ಬೇಕಿರುವುದು ಎರಡೂ ಒಟ್ಟಿಗೆ ಇಳಿಯುವ ಜಾಗ.

ಅಂಥ ಮೊದಲ ಜಾಗ ಪೈಪು. 40×40×3 ಬದಲು 50×50×2 ಹಾಕಿ ನೋಡಿ. ಮೂಲೆಯ ತಿರುವು ಬಿಟ್ಟು ಲೆಕ್ಕ ಹಾಕಿದರೆ ಹಳೆಯದು ಮೀಟರಿಗೆ 3.49 ಕೆ.ಜಿ., ಹೊಸದು 3.01. ತೂಕ ಶೇ. 13ರಷ್ಟು ಕಮ್ಮಿ. ಬಗ್ಗದೆ ನಿಲ್ಲುವ ಬಿಗಿ ಮಾತ್ರ ಶೇ. 45ರಷ್ಟು ಜಾಸ್ತಿ, ಮುರಿಯದೆ ತಡೆಯುವ ಶಕ್ತಿ ಶೇ. 16ರಷ್ಟು ಜಾಸ್ತಿ. ಮ್ಯಾಜಿಕ್ ಏನಿಲ್ಲ. ಕಬ್ಬಿಣ ನಡುವಿನಿಂದ ದೂರ ಹೋದಷ್ಟೂ ಹೆಚ್ಚು ಕೆಲಸ ಮಾಡುತ್ತದೆ, ಬಿದಿರು ಒಳಗೆ ಟೊಳ್ಳಾಗಿದ್ದೂ ಗಟ್ಟಿ ಇರುವುದು ಹೀಗೇ. 18 ಮೀಟರಿಗೆ ಎಂಟೂವರೆ ಕೆ.ಜಿ. ಇಳಿಯಿತು. ತಿಂಗಳಿಗೆ ನೀವು ಕೊಳ್ಳುವ ಪೈಪಿನಲ್ಲಿ ಸುಮಾರು 340 ಕೆ.ಜಿ. ಕಮ್ಮಿ. ಇದಕ್ಕೆ ಬೇಕಾದ ಡಿಜಿಟಲ್ ಉಪಕರಣ ಒಂದು ಎಕ್ಸೆಲ್ ಶೀಟು, ಅಷ್ಟೇ.

ಆದರೆ ಕಾಗದದ ಮೇಲೆ ಚೆಂದ ಕಂಡಿದ್ದು ಶೆಡ್‌ನಲ್ಲಿ ಹಾಗೇ ಇರಲ್ಲ. ನೆಲ 10 ಮಿ.ಮೀ. ಮೇಲೆ ಬರುತ್ತದೆ, ಚಾಸಿ ಡ್ರಾಯಿಂಗಿನಲ್ಲಿ ಅದಕ್ಕೆ ಜಾಗ ಇದೆಯಾ ನೋಡಿ. ವೆಲ್ಡಿಂಗ್ ಫಿಕ್ಸ್ಚರ್, ಅಂದರೆ ಪೈಪುಗಳನ್ನು ಹಿಡಿದಿಡುವ ಚೌಕಟ್ಟು, ಬದಲಿಸಬೇಕು. 3 ಮಿ.ಮೀ.ಗೆ ಕೈ ಕೂತ ವೆಲ್ಡರ್ ಅದೇ ಕರೆಂಟಿನಲ್ಲಿ 2 ಮಿ.ಮೀ.ಗೆ ಹೊಡೆದರೆ ತೂತು ಬೀಳುತ್ತದೆ, ಆಮೇಲೆ ಅದನ್ನು ತುಂಬೋಕೆ ಅರ್ಧ ರಾಡು ಸುರಿಯುತ್ತಾನೆ. ಬೋಲ್ಟ್ ಬರುವ ಕಡೆ ಪೈಪಿನ ಒಳಗೆ ಬುಷ್ (ಗಟ್ಟಿ ಕೊಳವೆ ತುಂಡು) ಕೂರಿಸಲೇಬೇಕು, ಇಲ್ಲದಿದ್ದರೆ ಬಿಗಿ ಮಾಡಿದಾಗ ಪೈಪು ಒಳಗೆ ಕುಸಿಯುತ್ತದೆ. ಗೋಡೆ ತೆಳು ಅಂದಮೇಲೆ ತುಕ್ಕಿಗೂ ಹೆದರಬೇಕು, ಆದ್ದರಿಂದ ಪೈಪಿನ ತುದಿ ಮುಚ್ಚಿ, ನೀರು ನಿಲ್ಲುವ ಕಡೆ ಕೆಳಗೊಂದು ಸಣ್ಣ ತೂತು ಬಿಡಿ.

ಎರಡನೆಯದು ಸುತ್ತಲಿನ ಹಲಗೆಗಳು. 1.6 ಬದಲು 1.2. ತೂಕ ನೇರವಾಗಿ ಕಾಲು ಭಾಗ ಇಳಿಯುತ್ತದೆ, ಬಾಡಿಗೆ 11 ಕೆ.ಜಿ. ತಿಂಗಳ ಖರೀದಿಯಲ್ಲಿ 60 ಶೀಟಿಗೆ ಸುಮಾರು 590 ಕೆ.ಜಿ. ಕಮ್ಮಿ. ತೊಂದರೆ ಏನಂದರೆ, ಚಪ್ಪಟೆ ಶೀಟಿನ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ನಡೆಯುತ್ತದೆ. ದಪ್ಪ ಕಾಲು ಭಾಗ ಇಳಿದರೆ ಬಿಗಿ ಶೇ. 42ಕ್ಕೆ ಬಂದು ನಿಲ್ಲುತ್ತದೆ. ಸುಮ್ನೆ ಶೀಟು ಬದಲಿಸಿದರೆ ಹಲಗೆ ಡಬಡಬ ಅನ್ನುತ್ತೆ, ಪಾರ್ಟಿಯವರು ಮೊದಲ ದಿನವೇ ವಾಪಸ್ ಕಳಿಸುತ್ತಾರೆ. ಅದಕ್ಕೆ ಪಟ್ಟಿ ಎಬ್ಬಿಸಬೇಕು. ನಿಮ್ಮ ಶೆಡ್ಡಿನ ಚಾವಣಿ ಶೀಟು ನೋಡಿ, ಅರ್ಧ ಮಿ.ಮೀ. ಆಸುಪಾಸಿನ ದಪ್ಪದಲ್ಲೂ ಮಳೆ ಗಾಳಿಗೆ ನಿಂತಿದೆ ಅಲ್ವಾ, ಅದು ಅಲೆ ಅಲೆಯಾಗಿರುವ ಕಾರಣಕ್ಕೆ. ನಿಮ್ಮ ಪ್ರೆಸ್ ಬ್ರೇಕಿನಲ್ಲೇ, ಅಂದರೆ ಬೆಂಡಿಂಗ್ ಮಷಿನಿನಲ್ಲೇ, ಉದ್ದಕ್ಕೆ ಎರಡು ಮೂರು ಏಣು ಬರುವ ಹಾಗೆ ಬೆಂಡ್ ಮಾಡಬಹುದು. ಏಣು 12 ಮಿ.ಮೀ. ಎದ್ದರೂ ಸಾಕು, ಆ ದಿಕ್ಕಿನಲ್ಲಿ ಹಳೆಯ 1.6ರ ಚಪ್ಪಟೆ ಹಲಗೆಗಿಂತ ಎಷ್ಟೋ ಪಟ್ಟು ಬಿಗಿ ಬರುತ್ತದೆ. ಬೆಂಡ್ ಹೆಚ್ಚಾದಷ್ಟು ಶೀಟಿನ ಅಗಲ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನೆಲವನ್ನು ಮುಟ್ಟಬೇಡಿ. ಇದು ನನ್ನ ಖಡಾಖಂಡಿತ ಮಾತು. ಲೆಕ್ಕದಲ್ಲಿ 1.6 ಸಾಕು ಅಂತ ಬರಬಹುದು. ಆದರೆ ಗಾಡಿಯವನು ತುಂಬಿದ ಗ್ಯಾಸ್ ಸಿಲಿಂಡರನ್ನು ಇಡುವುದಿಲ್ಲ, ಎತ್ತಿ ಹಾಕುತ್ತಾನೆ. 30 ಕೆ.ಜಿ. ಭಾರ ಅಂಚಿನ ಮೇಲೆ ಬೀಳುವುದನ್ನು ಯಾವ ಸಾಫ್ಟ್‌ವೇರಿಗೂ ನೀವಾಗಿ ಹೇಳದಿದ್ದರೆ ಗೊತ್ತಾಗುವುದಿಲ್ಲ.

ಇಲ್ಲಿಗೆ ಹತ್ತೊಂಬತ್ತೂವರೆ ಕೆ.ಜಿ. ಆಯಿತು. ಇನ್ನು ಐದೂವರೆ ಬೇಕು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಆ ಒಂದು ಟನ್ ಗುಜರಿಯನ್ನು ಮುಗಿಸೋಣ.

ಶೀಟಿನ ಮೇಲೆ ತುಂಡುಗಳನ್ನು ಜೋಡಿಸುವುದಕ್ಕೆ ನೆಸ್ಟಿಂಗ್ ಅಂತಾರೆ, ನಿಮಗೆ ಗೊತ್ತೇ ಇದೆ. ಒಳ್ಳೆ ಟೈಲರ್ ಮಾಡುವ ಕೆಲಸವೇ ಇದು. ಬ್ಲೌಸ್ ಪೀಸ್ ಹಾಸಿ, ಬೆನ್ನಿನ ಭಾಗ ಗುರುತು ಹಾಕಿ, ಮಿಕ್ಕ ಸಂದಿನಲ್ಲಿ ತೋಳು, ಪಟ್ಟಿ ಕೂರಿಸುತ್ತಾಳೆ. ಬಟ್ಟೆ ಎಳೆಯ ದಿಕ್ಕನ್ನು ಮಾತ್ರ ತಪ್ಪಿಸುವುದಿಲ್ಲ. ವಿಮಾನದವರದ್ದೂ ಇದೇ ಗೋಳು. ತೇಜಸ್ ವಿಮಾನದ ಮೈಯಲ್ಲಿ ತೂಕದ ಲೆಕ್ಕಕ್ಕೆ ಶೇ. 45ರಷ್ಟು ಕಾಂಪೋಸಿಟ್ ಇದೆ, ಅಂದರೆ ಅಂಟು ಹೀರಿದ ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಮಾಡಿದ್ದು. ಆ ಪದರಗಳನ್ನು ವಿನ್ಯಾಸ ಮಾಡೋಕೆ ಬೆಂಗಳೂರಿನ ಎಡಿಎ, ಅಂದರೆ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಆಟೋಲೇ ಅನ್ನುವ ಸಾಫ್ಟ್‌ವೇರನ್ನು ತಾನೇ ಬರೆಯಿತು. ಆಮೇಲೆ ಏರ್‌ಬಸ್ಸಿನವರೇ ಅದರ ಲೈಸೆನ್ಸ್ ತಗೊಂಡರು. ನಮ್ಮ ಊರಿನ ಕೋಡು ಅಲ್ಲಿಗೆ ಹೋಗಿದೆ ಅಂತ ಹೇಳೋಕೆ ನನಗೆ ಸುಮ್ನೆ ಖುಷಿ, ನಿಮ್ಮ ಶೀಟಿಗೆ ಅದು ಬೇಡ.

ನಿಮಗೆ ಎರಡು ದಾರಿ ಇವೆ. ನಿಮ್ಮ ಲೇಸರ್ ಜಾಬ್ ವರ್ಕ್‌ನವರ ಹತ್ತಿರ ನೆಸ್ಟಿಂಗ್ ಸಾಫ್ಟ್‌ವೇರ್ ಈಗಾಗಲೇ ಇರುತ್ತದೆ. ಪ್ರತಿ ಶೀಟಿಗೆ ಎಷ್ಟು ಪಾಲು ಬಳಕೆಯಾಯಿತು ಅನ್ನುವ ರಿಪೋರ್ಟನ್ನು ಅದು ಕೊಡುತ್ತದೆ. ಬಿಲ್ಲಿನ ಜೊತೆ ಆ ಹಾಳೆ ಬೇಕು ಅಂತ ಹೇಳಿ. ಕೊಡೋಕೆ ಹಿಂಜರಿದರೆ ಗುಜರಿ ಯಾರ ಲಾಭ ಅನ್ನುವುದು ನಿಮಗೇ ಅರ್ಥವಾಗುತ್ತದೆ. ಇನ್ನೊಂದು, ಡೀಪ್‌ನೆಸ್ಟ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ನಿಮ್ಮ ತುಂಡುಗಳ ಡಿಎಕ್ಸ್‌ಎಫ್ ಫೈಲು, ಅಂದರೆ ಕಂಪ್ಯೂಟರ್ ಡ್ರಾಯಿಂಗ್, ಹಾಕಿ, ಶೀಟಿನ ಅಳತೆ ಕೊಟ್ಟು, ರಾತ್ರಿ ಓಡಲು ಬಿಟ್ಟು ಮನೆಗೆ ಹೋಗಿ. ಬೆಳಿಗ್ಗೆ ಬಂದಿದ್ದನ್ನು ಲೇಸರ್‌ನವರ ನೆಸ್ಟ್ ಜೊತೆ ಹೋಲಿಸಿ. ನಾಲ್ಕು ಬಾಡಿಯ ತುಂಡುಗಳನ್ನು ಒಟ್ಟಿಗೆ ಹಾಕಿ, ಒಂದೊಂದೇ ಬಾಡಿ ಬೇಡ. ತುಂಡುಗಳ ಸಂಖ್ಯೆ ಹೆಚ್ಚಾದಷ್ಟೂ ಸಂದು ತುಂಬುವುದು ಸುಲಭ. ಹೆಡ್‌ಬೋರ್ಡಿನ ಕಿಟಕಿಯಿಂದ ಬೀಳುವ ಚೌಕದೊಳಗೇ ಗಸೆಟ್ (ಮೂಲೆಗೆ ಬಲ ಕೊಡುವ ತುಂಡು), ಹಿಂಜ್ ಪಟ್ಟಿ ಕೂರುತ್ತವೆ, ಅವುಗಳ ದಪ್ಪವೂ ಅದೇ ಆಗಿದ್ದರೆ. ಪಕ್ಕಪಕ್ಕದ ಎರಡು ತುಂಡಿಗೆ ಒಂದೇ ಗೆರೆಯಲ್ಲಿ ಕಟ್ ಮಾಡಿಸಿದರೆ ಗ್ಯಾಸೂ ಸಮಯವೂ ಉಳಿಯುತ್ತವೆ.

ಒಂದು ಎಚ್ಚರ. ತುಂಡನ್ನು ಹೇಗೆ ಬೇಕಾದರೂ ತಿರುಗಿಸು ಅಂತ ಸಾಫ್ಟ್‌ವೇರಿಗೆ ಪೂರ್ತಿ ಬಿಡಬೇಡಿ. ಶೀಟಿಗೂ ಬಟ್ಟೆಯ ಹಾಗೆ ಎಳೆ ಇದೆ, ರೋಲ್ ಆದ ದಿಕ್ಕು. ಬೆಂಡ್ ಗೆರೆ ಆ ದಿಕ್ಕಿಗೆ ಸಮಾನಾಂತರವಾಗಿ ಬಂದರೆ ಹೊರ ಅಂಚಿನಲ್ಲಿ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಸಾಮಾನ್ಯ ಸಿಆರ್ (ತಣ್ಣಗೆ ರೋಲ್ ಮಾಡಿದ) ಶೀಟಿನಲ್ಲಿ ಇದು ಅಷ್ಟಾಗಿ ಕಾಡಲ್ಲ, ಹೈ ಟೆನ್ಸೈಲ್ (ಹೆಚ್ಚು ಶಕ್ತಿಯ ಉಕ್ಕು) ಮತ್ತು ಗಟ್ಟಿ ಅಲ್ಯೂಮಿನಿಯಂನಲ್ಲಿ ಖಂಡಿತ ಕಾಡುತ್ತದೆ.

ನೆಸ್ಟಿಂಗ್‌ಗಿಂತ ದೊಡ್ಡ ಉಳಿತಾಯ ಒಮ್ಮೊಮ್ಮೆ ಶೀಟಿನ ಉದ್ದದಲ್ಲೇ ಇರುತ್ತದೆ. ಶೀಟು ಹುಟ್ಟುವಾಗ 2500 ಉದ್ದ ಇರಲ್ಲ, ಅದು ಕಾಯಿಲ್ ಆಗಿ, ಅಂದರೆ ಉದ್ದನೆಯ ಸುರುಳಿಯಾಗಿ ಬರುತ್ತದೆ. ತಿಂಗಳಿಗೆ ಎರಡು ಟನ್ ಮೇಲೆ ಒಂದೇ ದಪ್ಪದ್ದು ತಗೊಳ್ಳುವವರು ನೀವು. ಕಾಯಿಲ್ ಕತ್ತರಿಸುವ ಡೀಲರ್‌ಗೆ 2500 ಬೇಡ, 2320 ಉದ್ದ ಕತ್ತರಿಸಿ ಕೊಡಿ ಅಂತ ಕೇಳಿ ನೋಡಿ. 2320 ಅನ್ನುವುದು ನಾನು ಬಾಯಿಗೆ ಬಂದಿದ್ದು ಹೇಳಿದೆ, ನಿಮ್ಮ ನೆಸ್ಟ್ ಎಷ್ಟು ಉದ್ದಕ್ಕೆ ಮುಗಿಯುತ್ತದೋ ಅಷ್ಟು. ತುದಿಯಲ್ಲಿ ಉಳಿಯುವ ಅಂಗೈಯಗಲ ಪಟ್ಟಿ ಶೆಡ್‌ಗೆ ಬಂದೇ ಬರಲ್ಲ.

ಈಗಿನ ಬಳಕೆ ಶೇ. 76. ಶೇ. 85ಕ್ಕೆ ತಂದರೆ ತಿಂಗಳಿಗೆ ಸುಮಾರು 450 ಕೆ.ಜಿ. ಕಮ್ಮಿ ಕೊಳ್ಳುತ್ತೀರಿ. ಲಾಭ ಲೆಕ್ಕ ಹಾಕುವಾಗ 450ನ್ನು ಹೊಸ ಶೀಟಿನ ರೇಟಿಗೆ ಗುಣಿಸಬೇಡಿ, ಹೊಸ ರೇಟಿನಲ್ಲಿ ಗುಜರಿ ರೇಟು ಕಳೆದು ಗುಣಿಸಿ. ಸಾಫ್ಟ್‌ವೇರ್ ಮಾರುವವರು ಈ ಕಳೆಯುವ ಲೆಕ್ಕ ತೋರಿಸಿದ್ದನ್ನು ನಾನಂತೂ ನೋಡಿಲ್ಲ.

ಗುಜರಿಯಲ್ಲಿ ಇನ್ನೊಂದು ಪಾಲು ತಪ್ಪಾದ ತುಂಡುಗಳದ್ದು. ಬೆಂಡ್ ಮಾಡಿದಮೇಲೆ ಅಳತೆ ಬರಲಿಲ್ಲ ಅಂತ ಮೂಲೆಗೆ ಎಸೆದದ್ದು. 1.6 ಬಿಟ್ಟು 1.2ಕ್ಕೆ ಹೋದಾಗ ಇದು ಹೆಚ್ಚಾಗುತ್ತದೆ, ಯಾಕಂದರೆ ಹಳೆಯ ಫ್ಲಾಟ್ ಪ್ಯಾಟರ್ನ್ ಅಳತೆ, ಅಂದರೆ ಬೆಂಡ್ ಮಾಡುವ ಮೊದಲಿನ ಚಪ್ಪಟೆ ತುಂಡಿನ ಅಳತೆ, ಹೊಂದುವುದಿಲ್ಲ. ಪರಿಹಾರ ಹತ್ತು ನಿಮಿಷದ್ದು. ಹೊಸ ಶೀಟಿನ, ಸರಿಯಾಗಿ 100 ಮಿ.ಮೀ. ಉದ್ದದ ಪಟ್ಟಿಯನ್ನು ನಡುವೆ 90 ಡಿಗ್ರಿ ಬೆಂಡ್ ಮಾಡಿ, ಎರಡೂ ಕಾಲಿನ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ಹಿಡಿಯಿರಿ. ಹಿಂದಿನ 1.6ರಲ್ಲಿ ಎರಡೂ ಸೇರಿ 102.8ರ ಹತ್ತಿರ ಬರುತ್ತಿದ್ದಿರಬಹುದು, ಆ ಹೆಚ್ಚಿನ 2.8 ನಿಮ್ಮ ಬೆಂಡ್ ಕಡಿತ, ಚಪ್ಪಟೆ ಅಳತೆಯಲ್ಲಿ ಕಳೆಯಬೇಕಾದದ್ದು. 1.2ರಲ್ಲಿ ಬೇರೆ ಅಂಕಿ ಬರುತ್ತದೆ. ಪುಸ್ತಕದ ಕೆ-ಫ್ಯಾಕ್ಟರ್ (ಬೆಂಡ್ ಲೆಕ್ಕದ ಅಂಕಿ) ಬಿಟ್ಟು, ನಿಮ್ಮ ಮಷಿನು, ನಿಮ್ಮ ಡೈಯಲ್ಲಿ ಬಂದ ಅಂಕಿಯನ್ನೇ ಕಂಪ್ಯೂಟರಿಗೆ ಕೊಡಿ. ಫ್ರೀಕ್ಯಾಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ ಶೀಟ್ ಮೆಟಲ್ ಅನ್ನುವ ಸೇರಿಕೆ ಇದೆ, ಬೆಂಡ್ ಬಿಚ್ಚಿ ಫ್ಲಾಟ್ ಮಾಡಿ ಕೊಡುತ್ತದೆ. ನಿಮ್ಮಲ್ಲಿ ಡಿಪ್ಲೊಮಾ ಮಾಡಿದ ಹುಡುಗ ಯಾರಾದರೂ ಇದ್ದರೆ ಎರಡು ತಿಂಗಳಲ್ಲಿ ಕಲಿಯುತ್ತಾನೆ.

ಈಗ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲೇ ಭಾರ ಹಾಕಿ ನೋಡುವುದು. ಪೈಪು ತೆಳು ಮಾಡಿ, ಹಲಗೆ ತೆಳು ಮಾಡಿ ಅಂದೆ. ಅದು ತಡೆಯುತ್ತದೆ ಅಂತ ಪಾರ್ಟಿಯವರಿಗೆ ತೋರಿಸಬೇಕು, ಅದಕ್ಕಿಂತ ಮೊದಲು ನಿಮಗೆ ರಾತ್ರಿ ನಿದ್ದೆ ಬರಬೇಕು. ಪ್ರಿಪೋಮ್ಯಾಕ್ಸ್ ಅಂತ ಇದೆ, ಕ್ಯಾಲ್ಕ್ಯುಲಿಕ್ಸ್ ಅನ್ನುವ ಲೆಕ್ಕದ ಎಂಜಿನ್ ಮೇಲೆ ಓಡುತ್ತದೆ, ಇದೂ ಪುಕ್ಕಟೆ. ನಿಮ್ಮ ಫ್ರೇಮಿಗೆ ಧಾರಾಳ ಸಾಕು. ಆದರೆ ಬಣ್ಣ ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ, ನಾನು ಆಗಿದ್ದೇನೆ. ತುಂಬಾ ವರ್ಷದ ಹಿಂದೆ ಒಂದು ಜನರೇಟರ್ ಸ್ಟ್ಯಾಂಡ್ ಹಗುರ ಮಾಡಿದೆ, ನಾಲ್ಕು ಕಾಲೂ ನೆಲಕ್ಕೆ ಕಚ್ಚಿ ಕೂತಿವೆ ಅಂತ ಕಂಪ್ಯೂಟರಿಗೆ ಹೇಳಿದೆ, ಎಲ್ಲಾ ಹಸಿರು ಬಂತು. ಸೈಟಿನಲ್ಲಿ ನೆಲ ಸಮ ಇರಲಿಲ್ಲ, ಒಂದು ಕಾಲು ಗಾಳಿಯಲ್ಲಿ ಬೆರಳು ತೂರುವಷ್ಟು ಎದ್ದಿತ್ತು. ಮೂರು ತಿಂಗಳಿಗೆ ವೆಲ್ಡಿನ ಪಕ್ಕ ಬಿರುಕು. ತಪ್ಪು ಸಾಫ್ಟ್‌ವೇರಿನದಲ್ಲ, ನಾನು ಕೇಳಿದ ಪ್ರಶ್ನೆಗೆ ಅದು ಸರಿಯಾಗೇ ಉತ್ತರ ಕೊಟ್ಟಿತ್ತು.

ಆವತ್ತಿನಿಂದ ನನ್ನದು ಒಂದೇ ಪದ್ಧತಿ: ಸಿಮೆಂಟ್ ಚೀಲ. 50 ಕೆ.ಜಿ.ಯ ಹತ್ತು ಚೀಲ ಅಂದರೆ 500 ಕೆ.ಜಿ. ಈಗಿನ ಬಾಡಿಯನ್ನು ಗಾಡಿಯಲ್ಲಿ ಕೂರುವ ಹಾಗೇ ಬೋಲ್ಟ್ ಹಾಕಿ ಕೂರಿಸಿ. ನಡುವಿನ ಅಡ್ಡ ಪೈಪಿನ ಕೆಳಗೆ ಡಯಲ್ ಗೇಜ್ (ಸಣ್ಣ ತಗ್ಗನ್ನು ಅಳೆಯುವ ಮುಳ್ಳಿನ ಮಾಪಕ) ಇಟ್ಟು ಸೊನ್ನೆ ಮಾಡಿ. ಎರಡೆರಡೇ ಚೀಲ ಇಡುತ್ತಾ ಹೋಗಿ, ಪ್ರತಿ ಸಲ ಎಷ್ಟು ತಗ್ಗಿತು ಬರೆದುಕೊಳ್ಳಿ. ಚೀಲ ತೆಗೆದಮೇಲೆ ಮುಳ್ಳು ಸೊನ್ನೆಗೆ ವಾಪಸ್ ಬರುತ್ತದಾ ನೋಡಿ. ಇದೇ ಭಾರವನ್ನು ಕಂಪ್ಯೂಟರಿನಲ್ಲಿ ಹಾಕಿದಾಗ ಅಷ್ಟೇ ತಗ್ಗು ಬರಬೇಕು, ಹೆಚ್ಚು ಕಮ್ಮಿ ಶೇ. 10-15ರೊಳಗೆ. ಬಂದರೆ ಆ ಮಾಡೆಲನ್ನು ನಂಬಿ ಪೈಪು ಬದಲಿಸಿ ನೋಡಬಹುದು. ಬರದಿದ್ದರೆ ಎಲ್ಲೋ ಕೂರಿಸಿದ ರೀತಿ ತಪ್ಪಾಗಿದೆ, ಹುಡುಕಿ.

ನಿಂತ ಭಾರಕ್ಕಿಂತ ಹಂಪಿನ ಮೇಲೆ ಹಾರುವಾಗ ಬೀಳುವ ಭಾರ ಹೆಚ್ಚು. ಅದಕ್ಕೆ ಡಿಸೈನ್‌ನಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹಿಡಿಯುತ್ತಾರೆ. ನಿಮ್ಮ ರಸ್ತೆಯಲ್ಲಿ ಎಷ್ಟು ಅಂತ ತಿಳಿಯಬೇಕಾ? ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಪುಕ್ಕಟೆ ಆ್ಯಪ್ ಹಾಕಿ, ಹಳೆಯ ಮೊಬೈಲನ್ನು ಬಾಡಿಯ ನೆಲಕ್ಕೆ ಟೇಪಿನಿಂದ ಬಿಗಿದು, ಲೋಡ್ ಹಾಕಿ ಒಂದು ಸುತ್ತು ಓಡಿಸಿ. ಪ್ರತಿ ಕುಲುಕೂ ದಾಖಲಾಗುತ್ತದೆ. ಪಾರ್ಟಿಯವರ ಎದುರು ಈ ಗ್ರಾಫ್ ಇಟ್ಟರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಆ ಜೇಡರ ಬಲೆ ಸಾಫ್ಟ್‌ವೇರ್ ಮೋಸ ಅಂತ ನಾನು ಹೇಳುತ್ತಿಲ್ಲ. ಅದರ ಹಿಂದಿನ ವಿದ್ಯೆಗೆ ಟೋಪಾಲಜಿ ಆಪ್ಟಿಮೈಸೇಶನ್ ಅಂತಾರೆ. 1988ರಲ್ಲಿ ಬೆಂಡ್ಸೋ ಮತ್ತು ಕಿಕುಚಿ ಅನ್ನುವ ಇಬ್ಬರು ಇದಕ್ಕೆ ತಳಪಾಯ ಹಾಕಿದರು. ಒಂದು ದಿಮ್ಮಿಯನ್ನು ಸಾವಿರಾರು ಸಣ್ಣ ತುಂಡಾಗಿ ಎಣಿಸಿ, ಭಾರ ಹೊರದ ತುಂಡನ್ನು ತೆಳು ಮಾಡುತ್ತಾ ಹೋಗುವುದು, ಕೊನೆಗೆ ದುಡಿಯುವಷ್ಟೇ ಉಳಿಯುತ್ತದೆ. ಗುಟ್ಟೇನೂ ಇಲ್ಲ, 2001ರಲ್ಲಿ ಓಲೆ ಸಿಗ್ಮಂಡ್ ಇದನ್ನು ಬರೀ 99 ಸಾಲಿನ ಪ್ರೋಗ್ರಾಮಿನಲ್ಲಿ ಬರೆದು ಎಲ್ಲರಿಗೂ ಕೊಟ್ಟುಬಿಟ್ಟರು. ಇದು ಎಷ್ಟು ಕೆಲಸ ಮಾಡುತ್ತದೆ ಅನ್ನೋಕೆ ಜಿಇ ಕಂಪನಿ 2013ರಲ್ಲಿ ನಡೆಸಿದ ಸ್ಪರ್ಧೆ ನೋಡಿ. ವಿಮಾನದ ಎಂಜಿನ್ ಎತ್ತುವ ಬ್ರಾಕೆಟ್, ಮೂಲ ತೂಕ 2,033 ಗ್ರಾಂ. ಗೆದ್ದ ಇಂಡೋನೇಷ್ಯಾದ ಎಂಜಿನಿಯರ್ ಅದನ್ನು 327 ಗ್ರಾಂಗೆ ಇಳಿಸಿದರು. ಆದರೆ ಅದು ಟೈಟಾನಿಯಂ, 3ಡಿ ಪ್ರಿಂಟ್. ವಿಮಾನದ ಲೋಕದಲ್ಲಿ 1 ಕೆ.ಜಿ. ಭಾಗಕ್ಕೆ 10 ಕೆ.ಜಿ. ದಿಮ್ಮಿ ಕೊಂಡು 9 ಕೆ.ಜಿ. ಚೂರು ಮಾಡುವುದು ಮಾಮೂಲು, ಅಂಥ ಕಡೆ ಆ ಸಾಫ್ಟ್‌ವೇರ್ ತನ್ನ ಬೆಲೆ ತಾನೇ ದುಡಿಯುತ್ತದೆ. ನಿಮ್ಮ ಶೀಟು ಪೈಪಿನ ಶೆಡ್‌ನಲ್ಲಿ ಅದು ಕೊಡುವ ಮೂಳೆಯಂಥ ಆಕಾರವನ್ನು ಯಾವ ಮಷಿನಿನಲ್ಲಿ ಮಾಡುತ್ತೀರಿ? ಅಷ್ಟಿದ್ದೂ ಒಂದು ಉಪಯೋಗ ಇದೆ, ಎಲ್ಲಿ ಮಾಲು ದಂಡ ಅಂತ ತೋರಿಸುತ್ತದೆ. ಅದಕ್ಕೆ ಫ್ರೀಕ್ಯಾಡಿನ ಬೆಸೊ ಮ್ಯಾಕ್ರೊ ಅನ್ನುವ ಸೇರಿಕೆ ಸಾಕು, ದುಡ್ಡು ಬೇಡ.

ಆ ಐದೂವರೆ ಕೆ.ಜಿ.ಯನ್ನು ಇದರಿಂದ ಹುಡುಕಿ. ನಿಮ್ಮ ಬಾಡಿ ನಾನು ನೋಡಿಲ್ಲ, ಆದರೆ ಇಂಥ ಬಾಡಿಗಳಲ್ಲಿ ದಪ್ಪ ಮೌಂಟಿಂಗ್ ಪ್ಲೇಟು, ಭಯಕ್ಕೆ ಹಾಕಿದ ಡಬಲ್ ಗಸೆಟ್, ಬೇಡದ ಕಡೆ ಉದ್ದಕ್ಕೂ ಎಳೆದ ವೆಲ್ಡು ಇದ್ದೇ ಇರುತ್ತವೆ. ಹಿಂದೆ ಯಾವಾಗಲೋ ಒಂದು ಗಾಡಿ ವಾಪಸ್ ಬಂದಿರುತ್ತದೆ, ಆವತ್ತು ಒಂದು ಪಟ್ಟಿ ಸೇರಿಸಿರುತ್ತಾರೆ, ಆಮೇಲೆ ತೆಗೆಯುವ ಧೈರ್ಯ ಯಾರಿಗೂ ಇರಲ್ಲ.

ಅಲ್ಯೂಮಿನಿಯಂ ಬಗ್ಗೆ. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಮೂರನೇ ಒಂದು ಭಾಗ, ಬಿಗಿಯಲ್ಲೂ ಮೂರನೇ ಒಂದು ಭಾಗ! ನೇರ ಎಳೆತಕ್ಕೆ ಏನೂ ಲಾಭವಿಲ್ಲ. ಚಪ್ಪಟೆ ಹಲಗೆ ಬಗ್ಗುವ ಕಡೆ ಲಾಭ ಇದೆ. 1.6ರ ಬದಲು 2.3 ಮಿ.ಮೀ. ಹಾಕಿದರೆ ಅದೇ ಬಿಗಿ, ತೂಕ ಅರ್ಧ. ನಿಮ್ಮ 45 ಕೆ.ಜಿ. ಹಲಗೆ 22 ಆಗುತ್ತದೆ. ಕೇಳೋಕೆ ಚೆಂದ. ಆದರೆ ಕೆ.ಜಿ. ಬೆಲೆ ಹಲವು ಪಟ್ಟು. 6061-ಟಿ6 ಅನ್ನುವ ಗಟ್ಟಿ ಅಲ್ಯೂಮಿನಿಯಂ ಜಾತಿಯನ್ನು ವೆಲ್ಡ್ ಮಾಡಿದರೆ ಪಕ್ಕದ ಜಾಗದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಬಿಗಿಯಾಗಿ ಬೆಂಡ್ ಮಾಡಿದರೆ ಸೀಳುತ್ತದೆ, ಆದ್ದರಿಂದ 5052 ಅನ್ನುವ ಸುಲಭವಾಗಿ ಬಗ್ಗುವ ಜಾತಿ ತಗೊಂಡು ರಿವೆಟ್ ಹೊಡೆಯಬೇಕು. ಕಬ್ಬಿಣದ ಫ್ರೇಮಿಗೆ ನೇರ ತಾಗಿಸಿದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ನಡುವೆ ಸೀಲೆಂಟೋ ರಬ್ಬರ್ ಟೇಪೋ ಬೇಕು. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯೋಕೆ ಕೆ.ಜಿ.ಗೆ 14-15 ಯೂನಿಟ್ ಕರೆಂಟು ಹೋಗುತ್ತದೆ ಅನ್ನುವುದೂ ನೆನಪಿರಲಿ, ಗುಜರಿಯಿಂದ ಮಾಡಿದರೆ ಅದರ ಶೇ. 5ರಷ್ಟು ಶಕ್ತಿ ಸಾಕು. ಹಾಗಾಗಿ ಒಂದು ವೇಳೆ ಹೋದರೆ ಅದರ ತುಂಡುಗಳನ್ನು ಕಬ್ಬಿಣದ ಜೊತೆ ಬೆರೆಸಬೇಡಿ, ಬೇರೆ ಡ್ರಮ್ಮಿನಲ್ಲಿ ಹಾಕಿ. ಪಾರ್ಟಿಯವರು ಮುಂದಿನ ವರ್ಷ ಇನ್ನೂ 15 ಕೆ.ಜಿ. ಇಳಿಸಿ, ರೇಟು ಕೊಡುತ್ತೇವೆ ಅಂದರೆ ಆಗ ತೆಗೆದಿಡಿ ಈ ಮಾತನ್ನು.

ಹೈ ಟೆನ್ಸೈಲ್ ಶೀಟು ಹಾಕಿ ಅಂತಲೂ ಯಾರಾದರೂ ಹೇಳುತ್ತಾರೆ. ಮುರಿಯುವ ಭಯ ಇರುವ ಕಡೆ ಸರಿ. ಬಗ್ಗುವ ತೊಂದರೆಗೆ ಅದು ಮದ್ದಲ್ಲ, ಎಷ್ಟೇ ದುಬಾರಿ ಉಕ್ಕಾದರೂ ಬಿಗಿ ಒಂದೇ.

ಎಲ್ಲಾ ಒಟ್ಟಿಗೆ ಶುರು ಮಾಡಬೇಡಿ. ಈ ವಾರ ಗುಜರಿಯನ್ನು ತೂಗಿ ಬರೆದಿಡಿ, ಶೀಟಿನ ತುಂಡು ಬೇರೆ, ತಪ್ಪಾದ ತುಂಡು ಬೇರೆ, ಪೈಪಿನ ತುದಿ ಬೇರೆ. ಪೈಪು 6 ಮೀಟರ್ ಉದ್ದಕ್ಕೆ ಬರುತ್ತದೆ ಅಲ್ವಾ, ನಿಮ್ಮ 18 ಮೀಟರಿಗೆ ಮೂರೇ ಪೈಪು ಸಾಕಾಗುತ್ತಿದೆಯಾ, ನಾಲ್ಕನೆಯದನ್ನು ಮುರಿಯುತ್ತಿದ್ದೀರಾ ಅಂತ ನೋಡಿ. ಮುಂದಿನ ವಾರ ಸಿಮೆಂಟ್ ಚೀಲ. ಆಮೇಲೆ 50×50×2ರಲ್ಲಿ ಒಂದೇ ಒಂದು ಬಾಡಿ ಮಾಡಿ, ಅದಕ್ಕೂ ಅದೇ ಹತ್ತು ಚೀಲ ಇಟ್ಟು ಡಯಲ್ ನೋಡಿ. ಎರಡೂ ಬಾಡಿಯ ತಗ್ಗಿನ ಅಂಕಿ ಮತ್ತು ಆ ಗುಜರಿಯ ಮೂರು ತೂಕ ನನಗೆ ಬರೆದು ಕಳಿಸಿ. ಮೌಂಟಿಂಗ್ ಪ್ಲೇಟಿನ ಡ್ರಾಯಿಂಗ್ ಇದ್ದರೆ ಅದನ್ನೂ ಸೇರಿಸಿ, ಆ ಐದೂವರೆ ಕೆ.ಜಿ. ಎಲ್ಲಿದೆ ಅಂತ ಆಗ ನೋಡೋಣ.